ಕಬಾ ಗಾಯ್ದಾ

ಕಬಾ ಗಾಯ್ದಾ ಬಲ್ಗೇರಿಯಾ ದೇಶದ ದಕ್ಷಿಣ ಭಾಗದಲ್ಲಿರುವ ರೊಡೋಪಿ ಪರ್ವತ ಪ್ರದೇಶದ ಒಂದು ಸಾಂಪ್ರದಾಯಿಕ ಸುಷಿರವಾದ್ಯ. ಬ್ಯಾಗ್‌ಪೈಪ್ ವರ್ಗಕ್ಕೆ ಸೇರಿದ ಈ ವಾದ್ಯವು ಗಾತ್ರದಲ್ಲಿ ದೊಡ್ಡದು, ನಾದದಲ್ಲಿ ಗಂಭೀರವಾದುದು. ಇದೇ ಕುಟುಂಬದ ಜುರಾ ಗಾಯ್ದಾ ಚಿಕ್ಕದಾಗಿದ್ದು, ಹೆಚ್ಚು ಎತ್ತರದ ಸ್ಥಾಯಿಯಲ್ಲಿ ನುಡಿಯುತ್ತದೆ.

ರಚನೆ

ಆಡು ಅಥವಾ ಕುರಿಯ ಇಡೀ ತೊಗಲಿನಿಂದ ಮಾಡಿದ ಚೀಲಕ್ಕೆ ಮೂರು ಕೊಳವೆಗಳನ್ನು ಜೋಡಿಸಲಾಗಿರುತ್ತದೆ. ದುಹಾಲೋ ಎಂಬ ಕೊಳವೆಯಿಂದ ವಾದಕನು ಗಾಳಿ ತುಂಬುತ್ತಾನೆ. ಗಾಯ್ದುನಿತ್ಸಾ ಎಂಬ ರಂಧ್ರಗಳುಳ್ಳ ಕೊಳವೆಯಲ್ಲಿ ರಾಗ ಹೊರಡುತ್ತದೆ. ರುಚಿಲೋ ಎಂಬ ಉದ್ದನೆಯ ಕೊಳವೆ ಒಂದೇ ಮಂದ್ರ ಸ್ವರವನ್ನು ಎಡೆಬಿಡದೆ ಹಿಡಿಯುತ್ತದೆ. ಇದರ ಕಾರ್ಯ ಭಾರತೀಯ ಸಂಗೀತದ ಶ್ರುತಿಗೆ ಸಮಾನ. ಚೀಲವನ್ನು ತೋಳಿನಿಂದ ಒತ್ತುವುದರಿಂದ ವಾದಕನು ಉಸಿರು ತೆಗೆದುಕೊಳ್ಳುವಾಗಲೂ ನಾದ ನಿಲ್ಲುವುದಿಲ್ಲ. ನಾದವನ್ನು ನಡುವೆ ತಡೆಯಲು ಸಾಧ್ಯವಿಲ್ಲದ ಕಾರಣ, ಒಂದೇ ಸ್ವರವನ್ನು ಮತ್ತೆ ನುಡಿಸಬೇಕಾದಾಗ ನಡುವೆ ಕ್ಷಣಿಕವಾದ ಅಲಂಕಾರ ಸ್ವರವನ್ನು ಸೇರಿಸುತ್ತಾರೆ.

ಕುರಿಗಾಹಿಗಳ ಹಾಡುಗಳು

ರೊಡೋಪಿಯ ಹಾಡುಗಳಲ್ಲಿ ಅನೇಕವು ಐದು ಸ್ವರಗಳ ಶ್ರೇಣಿಯಲ್ಲಿವೆ. ನಿಧಾನಗತಿಯ ಹಾಡುಗಳಿಗೆ ನಿಶ್ಚಿತ ತಾಳವಿರುವುದಿಲ್ಲ. ಕಬಾ ಗಾಯ್ದಾದ ತಗ್ಗಿದ ಸ್ಥಾಯಿಯು ಮನುಷ್ಯ ಕಂಠಕ್ಕೆ ಹೊಂದುವುದರಿಂದ ಅದು ಗಾಯನದ ಜೊತೆಗೆ ಬಳಕೆಯಾಗುತ್ತದೆ.

ಹಿಂದೆ ಇಲ್ಲಿನ ಕುರಿಗಾಹಿಗಳು ಚಳಿಗಾಲದಲ್ಲಿ ಮಂದೆಗಳನ್ನು ಏಜಿಯನ್ ಕರಾವಳಿಗೆ ಇಳಿಸಿ, ವಸಂತದಲ್ಲಿ ಮರಳಿ ಬೆಟ್ಟಕ್ಕೆ ಏರಿಸುತ್ತಿದ್ದರು. ಮೊದಲನೆಯ ಮಹಾಯುದ್ಧದ ನಂತರ ಬಲ್ಗೇರಿಯಾ ಆ ಕರಾವಳಿಯನ್ನು ಕಳೆದುಕೊಂಡಿತು; ಹೊಸ ಗಡಿಯು ಈ ವಲಸೆಯ ದಾರಿಗೆ ಅಡ್ಡವಾಯಿತು. ಎರಡನೆಯ ಮಹಾಯುದ್ಧದ ನಂತರ ಸಮಾಜವಾದಿ ಸರ್ಕಾರವು ಕೃಷಿಯನ್ನು ಸಾಮೂಹಿಕಗೊಳಿಸಿದಾಗ ಖಾಸಗಿ ಮಂದೆಗಳೂ ಕ್ಷೀಣಿಸಿದವು. ಹೀಗೆ ಕುರಿಗಾಹಿ ಜೀವನ ಹಿಂದೆ ಸರಿದರೂ, ಅದರೊಂದಿಗೆ ಬೆಳೆದ ಸಂಗೀತವು ವೇದಿಕೆ, ಮೇಳ ಮತ್ತು ಶಾಲೆಗಳಲ್ಲಿ ನೆಲೆ ಕಂಡುಕೊಂಡಿತು.

ವಾಯೇಜರ್ ಧ್ವನಿಮುದ್ರಿಕೆ

1977ರಲ್ಲಿ ಉಡಾವಣೆಗೊಂಡ ವಾಯೇಜರ್ ಬಾಹ್ಯಾಕಾಶ ನೌಕೆಗಳ ಚಿನ್ನಲೇಪಿತ ಧ್ವನಿಮುದ್ರಿಕೆಯಲ್ಲಿ "ಇಜ್ಲೆಲ್ ಎ ದೆಲ್ಯು ಹೈದುತಿನ್" ಎಂಬ ರೊಡೋಪಿ ಹಾಡು ಸೇರಿದೆ. ಒಟ್ಟೋಮನ್ ಆಳ್ವಿಕೆಯನ್ನು ಎದುರಿಸಿದ ಬಂಡಾಯಗಾರ ದೆಲ್ಯು ಇದರ ನಾಯಕ. ವಾಲ್ಯಾ ಬಲ್ಕಾನ್ಸ್ಕಾ ಅವರ ಗಾಯನಕ್ಕೆ ಲಾಜರ್ ಕಾನೆವ್ಸ್ಕಿ ಮತ್ತು ಸ್ಟೆಫಾನ್ ಜಾಹ್ಮಾನೊವ್ ಕಬಾ ಗಾಯ್ದಾ ನುಡಿಸಿದ್ದಾರೆ. ಭಾರತದ ಕೇಸರಬಾಯಿ ಕೇರ್ಕರ್ ಅವರ ಹಿಂದೂಸ್ತಾನಿ ಗಾಯನವೂ ಇದೇ ಮುದ್ರಿಕೆಯಲ್ಲಿದೆ.

ಇಂದಿನ ಸ್ಥಿತಿ

ಶಿರೋಕಾ ಲಕಾ ಗ್ರಾಮದ ಜಾನಪದ ಕಲಾ ಶಾಲೆಯಲ್ಲಿ ಈ ವಾದ್ಯವನ್ನು ಕಲಿಸಲಾಗುತ್ತದೆ. 2012ರ ಮೇ ತಿಂಗಳಲ್ಲಿ ರಾಜಧಾನಿ ಸೋಫಿಯಾದಲ್ಲಿ 333 ವಾದಕರು ಒಟ್ಟಾಗಿ ಗಾಯ್ದಾ ನುಡಿಸಿ ಗಿನ್ನೆಸ್ ದಾಖಲೆ ಸ್ಥಾಪಿಸಿದರು.