ಬೋರಲು ಬಿದ್ದ ಗೋಪುರ

ಪಾಪಿನಾಯಕನಹಳ್ಳಿಯಲ್ಲಿ ಹೆದ್ದಾರಿಗೆ ಮುಖ ಮಾಡಿದ ಮನೆಯೊಂದರ ಬಾಗಿಲನ್ನು ಮಟಮಟ ಮಧ್ಯಾಹ್ನ ಮುಚ್ಚಿಕೊಂಡು ಒಳಗೆ ಮಲಗಿ ನೋಡಿ. ಹಲಗೆಯ ಗಂಟು ಉದುರಿ ಒಂದು ತೂತು ಬಿದ್ದಿದ್ದರೆ ಸಾಕು, ಎದುರು ಗೋಡೆಯ ಮೇಲೆ ಅದಿರು ಲಾರಿ ಗಾಲಿ ಮೇಲಾಗಿ ಓಡುತ್ತದೆ. ಹೊಸಪೇಟೆಗೆ ಹೊರಟ ಲಾರಿ ಗೋಡೆಯ ಮೇಲೆ ಬಳ್ಳಾರಿ ದಿಕ್ಕಿಗೆ ಹೋಗುತ್ತದೆ. ಹಂಪಿಯ ವಿರೂಪಾಕ್ಷನ ಗುಡಿಯಲ್ಲಿ ಗೈಡುಗಳು ತೋರಿಸುವ ತಲೆಕೆಳಗಿನ ಗೋಪುರವೂ ಇದೇ ಜಾತಿಯದು.

ಗುಡಿಯ ಪೂರ್ವಕ್ಕಿರುವ ಬಿಷ್ಟಪ್ಪಯ್ಯ ಗೋಪುರ ಸುಮಾರು 50 ಮೀಟರ್ ಎತ್ತರ. ಗರ್ಭಗುಡಿಯ ಹಿಂದೆ ನಾಲ್ಕು ಮೆಟ್ಟಿಲು ಹತ್ತಿದರೆ ಒಂದು ಕತ್ತಲ ಕೋಣೆ. ಪೂರ್ವದ ಗೋಡೆಯಲ್ಲಿ ಸಣ್ಣ ಕಿಂಡಿ, ಪಶ್ಚಿಮದ ಗೋಡೆಯ ಮೇಲೆ ಕಳಸ ಕೆಳಗಾದ ಗೋಪುರ.

ಎಲ್ಲರೂ ಇದನ್ನು ನೆರಳು ಅನ್ನುತ್ತಾರೆ. ನೆರಳಲ್ಲ. ನೆರಳು ಎಂದಾದರೂ ತಲೆಕೆಳಗಾಗುವುದುಂಟೇ? ಇದು ಬಿಂಬ. ಬೆಳಕು ನೇರ ಗೆರೆಯಲ್ಲೇ ಹೋಗುತ್ತದೆ. ಕಳಸದಿಂದ ಹೊರಟ ಬೆಳಕು ಇಳಿಜಾರಾಗಿ ಬಂದು ಕಿಂಡಿ ದಾಟಿ, ಹಾಗೇ ಇಳಿಯುತ್ತ ಗೋಡೆಯ ಕೆಳಭಾಗಕ್ಕೆ ತಾಗುತ್ತದೆ. ಕೆಳಗಿನ ಅಂತಸ್ತಿನಿಂದ ಬಂದದ್ದು ಅದಕ್ಕಿಂತ ಮೇಲೆ ತಾಗುತ್ತದೆ. ಎಡಬಲದ ಕಥೆಯೂ ಅಷ್ಟೇ. ಬೆಳಿಗ್ಗೆ ಸೂರ್ಯ ಗೋಪುರದ ಬೆನ್ನಿಗಿರುವುದರಿಂದ ಬಿಂಬ ಕಪ್ಪಗೆ ಬೀಳುತ್ತದೆ. ನೆರಳು ಎಂಬ ಹೆಸರು ಬಂದದ್ದು ಇದರಿಂದಲೇ ಇರಬೇಕು. ಮಧ್ಯಾಹ್ನ ಕಳೆದ ಮೇಲೆ ಬಿಸಿಲು ಗೋಪುರದ ಈ ಮೈಗೆ ಬೀಳುತ್ತದೆ, ಬಿಂಬಕ್ಕೂ ಬಣ್ಣ ಬರುತ್ತದೆ.

ಅಳತೆಯ ಲೆಕ್ಕ ಸುಲಭ. ಕಿಂಡಿಗೂ ಗೋಪುರಕ್ಕೂ 100 ಮೀಟರ್, ಕಿಂಡಿಗೂ ಗೋಡೆಗೂ 3 ಮೀಟರ್ ಎಂದಿಟ್ಟುಕೊಳ್ಳಿ. 50 ಮೀಟರ್ ಗೋಪುರ ಒಂದೂವರೆ ಮೀಟರಿಗೆ ಇಳಿಯಿತು. ಕಿಂಡಿ ದೊಡ್ಡದಾದರೆ ಬಿಂಬ ಬೆಳಗುತ್ತದೆ, ಆದರೆ ಅಂಚು ಕಲಸಿಹೋಗುತ್ತದೆ. ಸಣ್ಣದಾದರೆ ಅಂಚು ಚೂಪು, ಆದರೆ ಮಂಕು.

ತೂತಿನಲ್ಲಿ ಗುಟ್ಟೇನಿಲ್ಲ, ನನಗೆ ಸೋಜಿಗ ಹುಟ್ಟಿಸುವುದು ದೃಷ್ಟಿಯ ದಾರಿ. ನಡುವೆ ರಾಯಗೋಪುರವಿದೆ, 1510ರ ಸುಮಾರಿಗೆ ಕೃಷ್ಣದೇವರಾಯ ಕಟ್ಟಿಸಿದ ರಂಗಮಂಟಪವಿದೆ, ಗರ್ಭಗುಡಿಯ ಶಿಖರವಿದೆ. ಇಷ್ಟನ್ನೂ ತಪ್ಪಿಸಿ ಆ ಕಿಂಡಿಗೆ ಗೋಪುರ ಕಾಣುತ್ತದೆ. ಬೇಕೆಂದೇ ಮಾಡಿದ್ದೋ ತಾನಾಗಿ ಒದಗಿದ್ದೋ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ.

ಬೇಕೆಂದೇ ಮಾಡಿದ ಕಟ್ಟಡವೊಂದು ಇಟಲಿಯ ಬೊಲೋನ್ಯದಲ್ಲಿದೆ. ಅಲ್ಲಿನ ಸಾನ್ ಪೆತ್ರೋನಿಯೊ ಚರ್ಚಿನ ಚಾವಣಿಯಲ್ಲಿ, ಸುಮಾರು 27 ಮೀಟರ್ ಎತ್ತರದಲ್ಲಿ, ಖಗೋಳಜ್ಞ ಕಸ್ಸೀನಿ 1655ರಲ್ಲಿ ಒಂದು ರಂಧ್ರ ಇಡಿಸಿ, ನೆಲದ ಮೇಲೆ 67 ಮೀಟರ್ ಉದ್ದದ ಗೆರೆ ಹಾಕಿಸಿದ. ದಿನವೂ ನಡುಹಗಲಿಗೆ ಸೂರ್ಯಬಿಂಬ ಆ ಗೆರೆ ದಾಟುತ್ತದೆ. ಅದರ ಗಾತ್ರ ವರ್ಷದುದ್ದಕ್ಕೂ ಹೇಗೆ ಹಿಗ್ಗಿ ಕುಗ್ಗುತ್ತದೆ ಎಂದು ಆತ ಅಳೆದ. ಇಡೀ ಚರ್ಚೇ ಒಂದು ಕ್ಯಾಮೆರಾ. ಆ ಮಾತಿನ ಮೂಲ ಅರ್ಥವೂ ಕೋಣೆ ಎಂದೇ.

ನಮ್ಮ ಮಾಳಿಗೆ ಮನೆಗಳ ಗವಾಕ್ಷಿಯನ್ನು ಹಾಗೆ ಬಳಸಬಹುದು. ಬಾಯಿಗೆ ರಟ್ಟು ಮುಚ್ಚಿ, ನಡುವೆ ಚೌಕನೆಯ ಸಣ್ಣ ತೂತು ಮಾಡಿ. ತೂತು ಚೌಕವಾದರೂ ನೆಲಕ್ಕೆ ಬೀಳುವ ಬಿಸಿಲು ದುಂಡಗೇ ಇರುತ್ತದೆ, ಯಾಕೆಂದರೆ ಅದು ಸೂರ್ಯನ ಬಿಂಬ. ಹತ್ತಡಿ ಎತ್ತರದ ಮಾಳಿಗೆಯಿಂದ ಬಿದ್ದರೆ ಅಡ್ಡಳತೆ ಒಂದು ಇಂಚಿನ ಆಸುಪಾಸು. 2019ರ ಡಿಸೆಂಬರ್ 26ರ ಗ್ರಹಣದಂದು ಇಂಥ ಬೆಳಕಿನ ಬಿಲ್ಲೆಗಳೆಲ್ಲ ಕುಡುಗೋಲಿನ ಆಕಾರಕ್ಕೆ ತಿರುಗಿದ್ದವು.

ಲಾರಿ ನೋಡಬೇಕೆಂದರೆ ಬೀದಿಗಿರುವ ಕಿಟಕಿಗೆ ಕಪ್ಪು ರಟ್ಟು ಹಾಕಿ, ಪೆನ್ಸಿಲ್ ತೂರುವಷ್ಟು ತೂತು ಮಾಡಿ, ಎದುರಿಗೆ ಬಿಳಿ ಪಂಚೆ ಹರವಿ. ಬಾಗಿಲ ಸಂದಿಗೆ ಗೋಣಿ ತುರುಕುವುದನ್ನು ಮರೆಯಬೇಡಿ. ಕಣ್ಣು ಕತ್ತಲಿಗೆ ಒಗ್ಗಲು ಹತ್ತು ನಿಮಿಷ ಬೇಕು. ಹಂಪಿಯಲ್ಲೂ ಅಷ್ಟೇ: ಬಿಸಿಲಿನಿಂದ ಒಳಬಂದ ಕೂಡಲೇ ಏನೂ ಕಾಣದು. ಕಿಂಡಿಗೆ ಬೆನ್ನು ಅಡ್ಡ ಬರದಂತೆ ಪಕ್ಕಕ್ಕೆ ನಿಂತು ಕಾಯಬೇಕು. ಯಾರಾದರೂ ಸರಿಯಾಗಿ ಕಾಣಲಿ ಎಂದು ಮೊಬೈಲಿನ ಟಾರ್ಚ್ ಹಾಕಿದರೋ, ಗೋಪುರ ಮಾಯ.