ಎಡವುವ ನಾಲಗೆ

ಸಭೆಯಲ್ಲಿ ಮಾತನಾಡುವವನು ಒಂದು ಅಕ್ಷರವನ್ನು ತಪ್ಪಿ ನುಡಿದರೆ ಅವನ ಮುಖಭಾವವೂ ಕೈಸನ್ನೆಯೂ ಅರ್ಥವನ್ನು ಕಾಪಾಡುತ್ತವೆ. ಬಾನುಲಿಯಲ್ಲಿ ಮಾತನಾಡುವವನಿಗೆ ಈ ಸಹಾಯವಿಲ್ಲ. ಅವನ ಬಂಡವಾಳವೆಲ್ಲ ಧ್ವನಿಯೊಂದೇ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದಾಗ ಕನ್ನಡದ ನುಡಿಗೆ ಈ ಕಠಿನವಾದ ಪರೀಕ್ಷೆ ಒದಗಿಬಂತು. ಅಚ್ಚಾದುದನ್ನು ಓದುವವರು ಕಾಗುಣಿತದ ತಪ್ಪನ್ನು ಹುಡುಕುವಂತೆ, ಕೇಳುವವರು ಉಚ್ಚಾರಣೆಯ ತಪ್ಪನ್ನು ಹುಡುಕುತ್ತಾರೆ. ಹುಡುಕುವುದು ದೋಷವೇನಲ್ಲ. ಆದರೆ ಯಾವುದು ತಪ್ಪು, ಯಾವುದು ತಪ್ಪಲ್ಲ, ತಪ್ಪಿದವರನ್ನು ಹೇಗೆ ತಿದ್ದಬೇಕು ಎಂಬುದನ್ನು ಶ್ರೋತೃಗಳೊಡನೆ ಸ್ವಲ್ಪ ವಿಚಾರಮಾಡುವುದು ನಮ್ಮ ಉದ್ದೇಶ.

ಮೊದಲು ಅರ್ಥವನ್ನೇ ಕೆಡಿಸುವ ತಪ್ಪನ್ನು ತೆಗೆದುಕೊಳ್ಳೋಣ. ಬೆಲೆ ಎಂದರೆ ಕ್ರಯ, ಬೆಳೆ ಎಂದರೆ ಪೈರು. ಹಲ್ಲಿ ಗೋಡೆಯ ಮೇಲೆ ಇರುತ್ತದೆ, ಹಳ್ಳಿಯಲ್ಲಿ ನಾವಿರುತ್ತೇವೆ. ಲಕಾರವನ್ನು ನುಡಿಯುವಾಗ ನಾಲಗೆಯ ತುದಿ ಮೇಲಿನ ಹಲ್ಲುಗಳ ಬುಡವನ್ನು ಮುಟ್ಟುತ್ತದೆ; ಳಕಾರಕ್ಕೆ ಅದೇ ತುದಿಯನ್ನು ಹಿಂದಕ್ಕೆ ಮಡಿಸಿ ಅಂಗುಳನ್ನು ಮುಟ್ಟಿಸಬೇಕು. ನಕಾರ ಣಕಾರಗಳ ಭೇದವೂ ಇಷ್ಟೇ. ಮಡಿಸುವ ಶ್ರಮವನ್ನು ನಾಲಗೆಯು ಉಳಿಸಿಕೊಂಡರೆ ಅಣ್ಣನು ಅನ್ನವಾಗುತ್ತಾನೆ, ಬೆಳೆಗೆ ಬೆಲೆಯಿಲ್ಲವೆಂಬ ರೈತನ ದೂರು ಅರ್ಥವಿಲ್ಲದ ಮಾತಾಗುತ್ತದೆ. ಇಂಥ ಕಡೆ ತಿದ್ದಿಕೊಳ್ಳುವುದು ಅವಶ್ಯಕವೆಂಬುದರಲ್ಲಿ ಎರಡು ಮಾತಿಲ್ಲ.

ಹಕಾರದ ಕಥೆ ಇಷ್ಟು ಸರಳವಲ್ಲ. ಹಳೆಯ ಮೈಸೂರಿನ ಸೀಮೆಯ ಅನೇಕ ಹಳ್ಳಿಗಳಲ್ಲಿ ಪದದ ಮೊದಲಿನ ಹಕಾರವು ಬಿದ್ದುಹೋಗುತ್ತದೆ. ಹತ್ತು ಎಂಬುದು ಅತ್ತು ಆಗುತ್ತದೆ, ಹುಳಿಯು ಉಳಿಯಾಗುತ್ತದೆ. ತಿದ್ದಿಕೊಳ್ಳಲು ಹೊರಟವರು ಕೆಲವು ವೇಳೆ ಬೇಡದ ಕಡೆಯಲ್ಲಿ ಹಕಾರವನ್ನು ತಂದಿಡುವುದೂ ಉಂಟು.

ನಾವು ಓದಿದ ಪ್ರಾಥಮಿಕ ಶಾಲೆಗೆ ಹಳ್ಳಿಯೊಂದರಿಂದ ಒಬ್ಬ ಹುಡುಗಿ ಬಂದು ಸೇರಿದಳು. ಒಂದು ದಿನ ಪಾಠವನ್ನು ಓದುವ ಸರದಿ ಅವಳದಾಯಿತು. ‘ಹಕ್ಕಿ ಹಾಡುತ್ತದೆ’ ಎಂದು ಪುಸ್ತಕದಲ್ಲಿದ್ದುದನ್ನು ಅವಳು ‘ಅಕ್ಕಿ ಆಡುತ್ತದೆ’ ಎಂದು ಓದಿದಳು. ಉಪಾಧ್ಯಾಯರು, ‘ಅಕ್ಕಿ ಆಡಿದರೆ ಬೇಳೆ ಏನಮ್ಮ ಮಾಡುತ್ತದೆ?’ ಎಂದು ಕೇಳಿದರು. ತರಗತಿಯೆಲ್ಲ ನಕ್ಕಿತು, ನಾವೂ ನಕ್ಕೆವು. ಅಂದಿನಿಂದ ಅವಳು ತನ್ನ ಸರದಿ ಬಂದಾಗ ಎದ್ದು ನಿಲ್ಲುತ್ತಿದ್ದಳೇ ಹೊರತು ಬಾಯಿ ತೆರೆಯಲಿಲ್ಲ. ಬೇಸಗೆಯ ರಜೆ ಕಳೆದ ಮೇಲೆ ಶಾಲೆಗೆ ಮರಳಿ ಬರಲೂ ಇಲ್ಲ.

ಆ ದಿನ ನಮಗಾರಿಗೂ ತಿಳಿಯದ ಸಂಗತಿಯೊಂದುಂಟು. ನಾವು ಶುದ್ಧವೆಂದು ಭಾವಿಸಿದ ಹಕ್ಕಿ, ಹಾಡು ಎಂಬ ಪದಗಳೇ ಒಂದು ಕಾಲದಲ್ಲಿ ಬೇರೆಯಾಗಿದ್ದವು. 10ನೆಯ ಶತಮಾನದ ಪಂಪನ ಕನ್ನಡದಲ್ಲಿ ಹಾಲು ಪಾಲ್ ಆಗಿತ್ತು, ಹಾಡು ಪಾಡು ಆಗಿತ್ತು. ಸಂಸ್ಕೃತದ ಪಕ್ಷಿಯು ಪಕ್ಕಿಯಾಗಿ, ಆಮೇಲೆ ಹಕ್ಕಿಯಾಯಿತು. ತುಟಿಗಳನ್ನು ಕೂಡಿಸುವ ಶ್ರಮವನ್ನು ಬಿಟ್ಟು ನಮ್ಮ ಹಿರಿಯರು ಪಕಾರವನ್ನು ಹಕಾರವಾಗಿ ಸಡಿಲಿಸಿದರು. ಹಳ್ಳಿಯವರು ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟು ಹಕಾರವನ್ನೂ ಬಿಟ್ಟಿದ್ದಾರೆ. ಬರೆಯುವ ಭಾಷೆ ಹಕಾರದಲ್ಲಿ ನಿಂತಿರುವುದರಿಂದ ಶಾಲೆಯಲ್ಲಿ ಹಕ್ಕಿಯೆಂದೇ ಕಲಿಸತಕ್ಕದ್ದು. ಆದರೆ ಆ ಹುಡುಗಿಯ ನುಡಿಯು ಮೂಢತನದ ಗುರುತಲ್ಲ.

ಇದನ್ನು ನಮ್ಮ ವೈಯಾಕರಣರು ಚೆನ್ನಾಗಿ ಬಲ್ಲವರಾಗಿದ್ದರು. 13ನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಅಪಭ್ರಂಶಪ್ರಕರಣವೆಂಬ ಒಂದು ಭಾಗವನ್ನೇ ಇರಿಸಿ, ಸಂಸ್ಕೃತದ ಪದಗಳು ಕನ್ನಡದ ಬಾಯಲ್ಲಿ ಹೇಗೆ ಮಾರ್ಪಡುತ್ತವೆಂಬುದನ್ನು ವಿವರಿಸಿದನು. ಮಹಾಪ್ರಾಣವು ಅಲ್ಪಪ್ರಾಣವಾಗುತ್ತದೆ, ಶಕಾರ ಷಕಾರಗಳು ಸಕಾರವಾಗುತ್ತವೆ. ಘಂಟೆಯು ಗಂಟೆಯಾದುದು, ಆಕಾಶವು ಆಗಸವಾದುದು, ಸಂಧ್ಯೆಯು ಸಂಜೆಯಾದುದು ಹೀಗೆಯೇ. ಗಂಟೆ ಎಷ್ಟೆಂದು ಕೇಳಿದವರನ್ನು ಇಂದು ಯಾರೂ ತಿದ್ದುವುದಿಲ್ಲ. ಒಂದು ಕಾಲದ ಎಡವಟ್ಟು ಇನ್ನೊಂದು ಕಾಲದ ಪ್ರಯೋಗವಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇಂಗ್ಲಿಷಿನಿಂದ ಬಂದ ಪದಗಳಿಗೂ ಇದೇ ಗತಿ. ಆಸ್ಪತ್ರೆಯೆಂಬುದು ಮೂಲದ ರೂಪವನ್ನು ಬಿಟ್ಟು ನಮ್ಮದೇ ಆಗಿಹೋಗಿದೆ, ಅದನ್ನು ತಪ್ಪೆನ್ನುವವರಿಲ್ಲ. ಆದರೆ ಇಸ್ಕೂಲು ಎಂದವರನ್ನು ಕಂಡು ನಗುತ್ತೇವೆ. ಕಾಪಿ ಎಂದವರನ್ನು ಕಂಡರೂ ನಗುವುದುಂಟು. ಕಾಫಿಯಲ್ಲಿರುವ ಧ್ವನಿಯು ಮೇಲಿನ ಹಲ್ಲು ಕೆಳತುಟಿಯನ್ನು ಸೋಕುವುದರಿಂದ ಹುಟ್ಟುವಂಥದು, ಅದು ಕನ್ನಡದ್ದಲ್ಲ. ಅದನ್ನು ಕಲಿತ ಪಟ್ಟಣಿಗರು ಫಲ, ಫಲಿತಾಂಶ ಎಂಬ ಪದಗಳಲ್ಲಿಯೂ ಹಲ್ಲನ್ನು ತುಟಿಗೆ ತಾಗಿಸಿ ನುಡಿಯುತ್ತಾರೆ. ಅಲ್ಲಿ ಇರಬೇಕಾದುದು ಎರಡು ತುಟಿಗಳನ್ನೂ ಕೂಡಿಸಿ ಉಸಿರನ್ನು ಬಲವಾಗಿ ಬಿಡುವ ಪಕಾರದ ಮಹಾಪ್ರಾಣ. ಕಾಪಿ ಎಂದವನು ಪರಭಾಷೆಯ ಪದವನ್ನು ಕನ್ನಡಕ್ಕೆ ಒಗ್ಗಿಸಿದನು. ನಾವು ನಮ್ಮ ಪದಕ್ಕೆ ಪರಭಾಷೆಯ ಧ್ವನಿಯನ್ನು ಹಚ್ಚಿದೆವು. ಹೆಚ್ಚಿನ ತಪ್ಪು ಯಾರದು?

ವಿದ್ಯಾವಂತರ ತಪ್ಪುಗಳಲ್ಲಿ ಇನ್ನೊಂದು ಜಾತಿಯುಂಟು. ಮಹಾಪ್ರಾಣವು ಪಾಂಡಿತ್ಯದ ಲಕ್ಷಣವೆಂದು ಬಗೆದು, ಇಲ್ಲದ ಕಡೆಯಲ್ಲಿ ಅದನ್ನು ತಂದಿಡುವುದೇ ಅದು. ಹಾರ್ದಿಕ ಸ್ವಾಗತವು ಹಾರ್ಧಿಕವಾಗುತ್ತದೆ, ಜನಾರ್ದನನು ಜನಾರ್ಧನನಾಗುತ್ತಾನೆ. ವಿದ್ಯೆಯನ್ನು ಬಯಸುವವನು ವಿದ್ಯಾರ್ಥಿ. ಅವನನ್ನು ವಿಧ್ಯಾರ್ತಿ ಎಂದು ಕರೆದು, ಇರಬೇಕಾದ ಉಸಿರನ್ನು ಕಳೆದು ಬೇಡದ ಕಡೆ ಕೂಡಿಸುತ್ತೇವೆ. ಎಲ್ಲಕ್ಕಿಂತ ಸೋಜಿಗವೆಂದರೆ ಉಚ್ಚಾರಣೆಯನ್ನು ಕುರಿತು ಉಪದೇಶಿಸುವವರೇ ಅದನ್ನು ಉಚ್ಛಾರಣೆ ಎನ್ನುವುದು. ಈ ತಪ್ಪುಗಳನ್ನು ಕೇಳಿ ಸಭೆಯಲ್ಲಿ ಯಾರೂ ನಗುವುದಿಲ್ಲ. ನುಡಿದವರ ಉಡುಪು ಅವರನ್ನು ಕಾಪಾಡುತ್ತದೆ.

ಕೆಲವು ತೊಡಕುಗಳಿಗೆ ನಮ್ಮ ಲಿಪಿಯೂ ಕಾರಣ. ಆಶೀರ್ವಾದವೆಂಬ ಪದದಲ್ಲಿ ಅರ್ಕಾವತ್ತನ್ನು ‘ವಾ’ ಅಕ್ಷರದ ಬಲಗಡೆಗೆ ಬರೆಯುತ್ತೇವೆ; ನುಡಿಯುವಾಗ ಮಾತ್ರ ಅದು ‘ವಾ’ ಎನ್ನುವುದಕ್ಕಿಂತ ಮೊದಲು ಬರಬೇಕು. ಕಣ್ಣಿಗೂ ಬಾಯಿಗೂ ಹೊಂದಿಕೆ ತಪ್ಪಿ ಆರ್ಶೀವಾದವೆಂಬ ಪದ ಹುಟ್ಟುತ್ತದೆ. ಬ್ರಹ್ಮ, ಚಿಹ್ನೆ, ಮಧ್ಯಾಹ್ನ ಎಂಬವುಗಳಲ್ಲಿ ಲಿಪಿಯು ಸರಿಯಾಗಿಯೇ ದಾರಿ ತೋರುತ್ತದೆ; ಮೊದಲು ಹಕಾರ, ಅನಂತರ ಅನುನಾಸಿಕ. ಆದರೆ ನಾಲಗೆಗೆ ಅದು ಏರುದಾರಿ. ಬ್ರಮ್ಹ, ಚಿನ್ಹೆ ಎಂದು ತಿರುಗಿಸಿಕೊಳ್ಳುವುದೇ ಸುಲಭ. ಪಂಡಿತರೂ ಇಲ್ಲಿ ಎಡವುತ್ತಾರೆ. ಬ್ರಹ್ಮನನ್ನು ಬೊಮ್ಮನೆಂದು ಕರೆದ ನಮ್ಮ ಹಿರಿಯರು ಈ ಕಷ್ಟವನ್ನು ಬಲ್ಲವರೇ ಆಗಿದ್ದರು. ಮೂಲರೂಪವನ್ನೇ ನುಡಿಯಬೇಕೆಂಬವರು ‘ಮಧ್ಯಾಹ್’ ಎಂದು ಉಸಿರು ಬಿಟ್ಟು, ಒಂದು ಕ್ಷಣ ನಿಂತು, ‘ನ’ ಎನ್ನಬೇಕು. ನಾಲ್ಕಾರು ಸಲ ಹೀಗೆ ಅಭ್ಯಾಸ ಮಾಡಿದರೆ ನಡುವಣ ನಿಲುಗಡೆ ತಾನಾಗಿ ಮಾಯವಾಗುತ್ತದೆ.

ಹೀಗಿರುವಲ್ಲಿ ನಾವು ಅನುಸರಿಸತಕ್ಕ ಕ್ರಮವೇನು? ಅರ್ಥವನ್ನು ಕೆಡಿಸುವ ತಪ್ಪನ್ನು ತಾಳ್ಮೆಯಿಂದ ತಿದ್ದಬೇಕು. ಭಾಷೆಯು ತಾನೇ ಅಂಗೀಕರಿಸಿದ ಮಾರ್ಪಾಟನ್ನು ಗೌರವಿಸಬೇಕು. ದೊಡ್ಡಸ್ತಿಕೆಗಾಗಿ ಹಚ್ಚಿಕೊಂಡ ತಪ್ಪನ್ನು ಮೊದಲು ನಮ್ಮ ಬಾಯಲ್ಲಿಯೇ ಹುಡುಕಬೇಕು. ಅಂಗೈಯನ್ನು ತುಟಿಗಳ ಮುಂದೆ ಹಿಡಿದು ದನ, ಧನ ಎಂದು ನುಡಿದು ನೋಡಿದರೆ ಎರಡನೆಯದರಲ್ಲಿ ಉಸಿರು ಕೈಗೆ ತಾಗುತ್ತದೆ. ಅಕ್ಕಿ, ಹಕ್ಕಿ ಎಂಬವಕ್ಕೂ ಇದೇ ಪರೀಕ್ಷೆ. ಮಕ್ಕಳಿಗೆ ಇದು ಆಟದಂತಿರುತ್ತದೆ, ಅವಮಾನವೆನಿಸುವುದಿಲ್ಲ.

ನಮ್ಮ ತರಗತಿಯ ಆ ಹುಡುಗಿಗೆ ಇದನ್ನು ಯಾರಾದರೂ ತೋರಿಸಿಕೊಟ್ಟಿದ್ದರೆ ಹಕಾರವನ್ನು ಕಲಿಯಲು ಅವಳಿಗೆ ಒಂದು ವಾರ ಸಾಕಾಗುತ್ತಿತ್ತು. ನಮ್ಮ ನಗೆಯಿಂದ ಅವಳು ಕಲಿತದ್ದು ಮೌನವನ್ನು. ತಪ್ಪಿ ನುಡಿದ ಮಾತನ್ನು ತಿದ್ದಬಹುದು. ನುಡಿಯದೆ ಉಳಿದ ಮಾತನ್ನು ತಿದ್ದುವ ಬಗೆ ಯಾವ ವ್ಯಾಕರಣದಲ್ಲಿಯೂ ಇಲ್ಲ.