ಬೇಸ್ ಗಿಟಾರ್: ಯಾವ ಪಿಕಪ್ ಎಷ್ಟು?

ಶ್ರೀರಂಗಪಟ್ಟಣ ದಸರಾ ವೇದಿಕೆ ಇರಲಿ, ನಾಗಮಂಗಲದ ಕಡೆ ಊರಹಬ್ಬದ ಆರ್ಕೆಸ್ಟ್ರಾ ಇರಲಿ, ಬೇಸ್ ಗಿಟಾರ್ ಬರೀ ಗುಮ್ ಅಂತಿದ್ರೆ ಮೊದಲು ಪಿಕಪ್ ನಾಬ್ ನೋಡಿ.

1960ರಲ್ಲಿ ಬಂದ ಫೆಂಡರ್ ಜಾಝ್ ಬೇಸ್ ಮಾದರಿಯಲ್ಲಿ ಪಿಕಪ್ ಎರಡು. ಬ್ರಿಜ್ ಹತ್ತಿರ ತಂತಿ ಕಮ್ಮಿ ಅಲ್ಲಾಡುತ್ತೆ. ಅಲ್ಲಿನ ಪಿಕಪ್‌ನಲ್ಲಿ ತಳದ ನಾದ ತೆಳು, ಮೇಲಿನ ಅಂಶ ಚುರುಕು. ನೆಕ್ ಕಡೆಯದು ದಪ್ಪ ದನಿ. ಎರಡರ ನಾಬನ್ನೂ ಪೂರ್ತಿ ತಿರುಗಿಸಿದ್ರೆ ಕರೆಂಟಿನ ಗುಂಯ್ ಸದ್ದು ಬಹುಪಾಲು ಅಡಗುತ್ತೆ. ಆದ್ರೆ ನಡುದನಿಯೂ ಸ್ವಲ್ಪ ಕುಗ್ಗುತ್ತೆ! ಡ್ರಮ್ಸ್, ಕೀಬೋರ್ಡ್ ಜೋರಾದಾಗ ಬೇಸ್ ಮಾಯ ಆಗೋಕೆ ಇದೂ ಒಂದು ಕಾರಣ.

ಬಯಲು ವೇದಿಕೆಗೆ ನನ್ನ ಆಯ್ಕೆ: ಬ್ರಿಜ್ ಪೂರ್ತಿ, ನೆಕ್ ಮುಕ್ಕಾಲು. ಮನೇಲಿ ಒಬ್ರೇ ನುಡಿಸಿದಾಗ ಇದು ಒಣಕಲು ಅನ್ಸುತ್ತೆ, ತಲೆ ಕೆಡಿಸ್ಕೋಬೇಡಿ. ಸೌಂಡ್‌ಚೆಕ್‌ನಲ್ಲಿ ಇಡೀ ತಂಡ ನುಡಿಸುವಾಗಲೇ ನಾಬ್ ತಿರುಗಿಸಿ, ಕೇಳಿ ತೀರ್ಮಾನ ಮಾಡಿ.